ಕರಡು ತಿದ್ದುವ ಕಷ್ಟಸುಖ
(ಶತಮಾನೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಕಾದಂಬರಿ ಬರೆದ ಅನುಭವವನ್ನು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನನ್ನಲ್ಲಿರುವುದು ಬರೆದ ಅನುಭವಕ್ಕಿಂತ ಹೆಚ್ಚಾಗಿ ತಿದ್ದಿದ ಅನುಭವ. ಮೊದಲ ಕರಡಿಗೆ ಹಿಡಿದದ್ದು ಎರಡು ವರ್ಷ. ಅದನ್ನು ತಿದ್ದುವುದಕ್ಕೆ ಹಿಡಿದದ್ದು ಒಂಬತ್ತು ವರ್ಷ.

ತಿದ್ದುವ ವಿದ್ಯೆಯ ಮೊದಲ ಪಾಠವಾದದ್ದು ಈ ಶಾಲೆಯಲ್ಲೇ. ನಮ್ಮ ಕನ್ನಡ ಪಂಡಿತರು ಪ್ರಬಂಧದ ಪುಸ್ತಕದಲ್ಲಿ ಯಾವ ವಾಕ್ಯವನ್ನೂ ಹೊಡೆದು ಹಾಕುತ್ತಿರಲಿಲ್ಲ. ತಪ್ಪಿದ್ದ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯ ಒಂದು ಚುಕ್ಕಿ ಇಟ್ಟು ಪುಸ್ತಕವನ್ನು ಮರಳಿಸುತ್ತಿದ್ದರು. ತಪ್ಪು ಯಾವುದೆಂದು ಕೇಳಿದರೆ, "ಬರೆದವನು ನೀನು, ಹುಡುಕುವವನೂ ನೀನೇ" ಎನ್ನುವರು. ಅದು ಕಾಗುಣಿತದ ತಪ್ಪೋ ಯೋಚನೆಯ ತಪ್ಪೋ ಎಂದು ತಿಳಿಯದೆ ನಾವು ಸಂಜೆಯವರೆಗೆ ತಲೆ ಕೆರೆದುಕೊಳ್ಳುತ್ತಿದ್ದೆವು.

ನನ್ನ ಕಾದಂಬರಿಯ ಮೊದಲ ಕರಡು ಸಿಟ್ಟಿನಿಂದ ಹುಟ್ಟಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಗಡಿ ಕದಲಲಿಲ್ಲ. ಹಿರಿಯರ ಮಾತಿನಲ್ಲಿ ಈ ನೋವನ್ನು ಕೇಳುತ್ತಲೇ ಬೆಳೆದವನು ನಾನು. ಅದನ್ನೆಲ್ಲ ಒಂದು ಕಥೆಯಲ್ಲಿ ತುಂಬಿದೆ. ಒಬ್ಬ ಕನ್ನಡ ಮೇಷ್ಟರು, ಒಂದು ಹೊಳೆ, ಒಂದು ಕಡವು. ಮಳೆಯ ರಾತ್ರಿ ಮೇಷ್ಟರನ್ನು ದಾಟಿಸಲು ನಿರಾಕರಿಸುವ ಮಲಯಾಳಿ ದೋಣಿಯವನೇ ಖಳನಾಯಕ. ಮುನ್ನೂರು ಪುಟ ಬರೆದು ಮುಗಿಸಿದ ದಿನ ಮಹಾಕೃತಿಯನ್ನೇ ರಚಿಸಿದೆನೆಂದು ಭಾವಿಸಿದ್ದೆ. ಹಸ್ತಪ್ರತಿಯನ್ನು ಕಳುಹಿಸಿದ್ದ ಪ್ರಕಾಶಕರು ಆರು ತಿಂಗಳ ಮೇಲೆ ಒಂದೇ ಸಾಲಿನ ಪತ್ರದೊಂದಿಗೆ ಅದನ್ನು ಹಿಂದಿರುಗಿಸಿದರು: ಭಾಷಣ ಹೆಚ್ಚು, ಮನುಷ್ಯರು ಕಡಿಮೆ. ಅವಮಾನದಿಂದ ಅದನ್ನು ಅಟ್ಟಕ್ಕೆ ಹಾಕಿದೆ. ಒಂದು ಮಳೆಗಾಲ ಕಳೆದು ಕೆಳಗಿಳಿಸಿ ಓದಿದಾಗ ಆ ಪತ್ರ ಸರಿಯೆಂದೇ ಕಂಡಿತು. ಭಾಷಣಗಳನ್ನು ಕತ್ತರಿಸಿದೆ, ನೂರು ಪುಟ ಹೋಯಿತು. ಎರಡನೆಯ ಕರಡು ತೆಳ್ಳಗಾಯಿತು, ಆದರೆ ಜೀವ ಬರಲಿಲ್ಲ.

ಆಗ ಅದನ್ನು ನನ್ನ ತಾಯಿಗೆ ಓದಿ ಹೇಳತೊಡಗಿದೆ. ಅವರು ಅಡಿಕೆ ಸುಲಿಯುತ್ತಾ ಕೇಳುತ್ತಿದ್ದರು. ದೋಣಿಯವನ ಅಧ್ಯಾಯ ಮುಗಿದಾಗ ಮೆಟ್ಟುಗತ್ತಿಯಿಂದ ಕೈತೆಗೆದು, "ಅವ ನಿನಗೆ ಏನು ಮಾಡಿದ್ದ ಮಗಾ?" ಎಂದರು. "ಇದು ಕಥೆಯಮ್ಮಾ" ಎಂದೆ. "ಕಥೆಯಾದರೂ ನಮ್ಮ ಕಡವಿಗೆ ದೋಣಿಯವ ಒಬ್ಬನೇ ಇದ್ದದ್ದು. ಶಾಲೆ ಬಿಟ್ಟು ನೀವೆಲ್ಲ ಬರುವ ತನಕ ಅವ ದೋಣಿ ಕಟ್ಟುತ್ತಿರಲಿಲ್ಲ. ಹತ್ತಿಸುವಾಗ ತಲೆ ಎಣಿಸುವುದು, ಇಳಿಸುವಾಗ ಮತ್ತೆ ಎಣಿಸುವುದು" ಎಂದು ಹೇಳಿ ಪುನಃ ಅಡಿಕೆಗೆ ಕೈಹಾಕಿದರು.

ಪಂಡಿತರ ಚುಕ್ಕಿ ಎಲ್ಲಿ ಬೀಳಬೇಕಿತ್ತೆಂದು ಅಂದು ತಿಳಿಯಿತು. ಒನ್ನ್, ರಂಡ್, ಮೂನ್ನ್ ಎಂಬ ಆ ಎಣಿಕೆ ನನ್ನ ಕಿವಿಯಲ್ಲೇ ಇತ್ತು. ಇದ್ದರೂ ಬರೆಯಲಿಲ್ಲ, ನನ್ನ ವಾದಕ್ಕೆ ಅದು ಅಡ್ಡಿಯಾಗಿತ್ತು. ಗಡಿಯನ್ನು ಎಳೆದವರು ಎಲ್ಲಿಯೋ ಇದ್ದರು. ನನ್ನ ಕೈಗೆ ಸಿಕ್ಕಿದವನು ದೋಣಿಯವನು.

ಅವನನ್ನು ನಿಜವಾದ ಮನುಷ್ಯನನ್ನಾಗಿ ಬರೆಯಹೊರಟಾಗ ಭಾಷೆಯ ತೊಡಕು ಎದುರಾಯಿತು. ಅವನ ಮಾತು ಮಲಯಾಳ, ಅಂಗಡಿಯ ಮಾತು ತುಳು, ಮೇಷ್ಟರದು ಪುಸ್ತಕದ ಕನ್ನಡ. ದಾರಿ ತೋರಿಸಿದವರು ನಮ್ಮ ನೆಲದ ಕಥೆಯನ್ನೇ ಬರೆದವರು. ನಿರಂಜನರ 'ಚಿರಸ್ಮರಣೆ'ಯ ಕಯ್ಯೂರಿನ ರೈತರು ಬದುಕಿದ್ದು ಮಲಯಾಳದಲ್ಲಿ. ಅವರಲ್ಲಿ ನಾಲ್ವರನ್ನು 1943ರಲ್ಲಿ ಗಲ್ಲಿಗೇರಿಸಲಾಯಿತು; 1955ರಲ್ಲಿ ಕಾದಂಬರಿ ಬಂದದ್ದು ಕನ್ನಡದಲ್ಲಿ. ಇದೇ ಕಾಸರಗೋಡಿನಲ್ಲಿ ಕನ್ನಡ ಕಲಿತ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ. 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಕನ್ನಡದಲ್ಲಿ. ಒಂದು ಭಾಷೆಯಲ್ಲಿ ನಡೆದ ಬದುಕನ್ನು ಇನ್ನೊಂದು ಭಾಷೆ ಆದರದಿಂದ ಹೊರಬಲ್ಲದು ಎಂಬ ಧೈರ್ಯ ಅವರಿಂದ ಬಂತು. ದೋಣಿಯವನ ಎಣಿಕೆಯನ್ನು ಹಾಗೆಯೇ ಉಳಿಸಿದೆ, ಅರ್ಥ ಬರೆಯಲಿಲ್ಲ.

ಆದರೆ ಖಳನಿಲ್ಲದ ಕಥೆ ಗೂಟವಿಲ್ಲದ ದೋಣಿಯಂತಾಯಿತು, ಎಲ್ಲಿಗೂ ಸೇರಲಿಲ್ಲ. ಒಂದು ವರ್ಷ ಒಂದಕ್ಷರ ಬರೆಯಲಿಲ್ಲ. ಮತ್ತೆ ಕುಳಿತಾಗ ಕಲಹವಿರುವುದು ಹೊಳೆಯಲ್ಲಲ್ಲ, ಮೇಷ್ಟರ ಮನೆಯೊಳಗೆ ಎಂದು ಹೊಳೆಯಿತು. ಅವರ ಮಗನೇ ತನ್ನ ಮಗಳನ್ನು ಕನ್ನಡ ಶಾಲೆಗೆ ಕಳುಹಿಸಲು ಒಪ್ಪುವುದಿಲ್ಲ. ಆ ಅಧ್ಯಾಯವನ್ನು ಏಳು ಬಾರಿ ಬರೆದೆ. ಏಳು ಬಾರಿಯೂ ಮಗ ಸ್ವಾರ್ಥಿಯಾಗಿ, ಹಗುರವಾಗಿ ಮೂಡಿದ. ಕಾರಣವನ್ನು ಈ ಸಭೆಯಲ್ಲಿ ಮುಚ್ಚಿಡಲಾರೆ. ನನ್ನ ಮಗನನ್ನು ನಾನು ಈ ಶಾಲೆಗೆ ಕಳುಹಿಸಲಿಲ್ಲ. ಮುಂದಿನ ಓದು, ಉದ್ಯೋಗ ಎಂಬ ಭಯದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆ. ನನ್ನ ನಾಚಿಕೆಯನ್ನು ಆ ಪಾತ್ರದ ತಲೆಗೆ ಕಟ್ಟುತ್ತಿದ್ದೆ. ಎಂಟನೆಯ ಬಾರಿ ಅವನ ಭಯವನ್ನು ನನ್ನದೆಂದು ಒಪ್ಪಿಕೊಂಡು ಬರೆದೆ. ಮೇಷ್ಟರೂ ಸರಿ, ಮಗನೂ ಸರಿ. ಆದರೂ ತರಗತಿಯಲ್ಲಿ ಒಂದು ಮಣೆ ಖಾಲಿಯಾಯಿತು. ಕಾದಂಬರಿ ಅಲ್ಲಿಗೆ ತಾನಾಗಿ ಮುಗಿಯಿತು.

ಪೋಷಕರೇ, ಇದನ್ನು ಯಾರನ್ನೂ ದೂರುವುದಕ್ಕೆ ಹೇಳಲಿಲ್ಲ. ನಾನೇ ಆ ಸಾಲಿನಲ್ಲಿ ನಿಂತವನು. ಆದರೆ ಆ ಮಗ ಇಂದು ನನ್ನ ಪುಸ್ತಕವನ್ನು ಓದಲಾರ. ಸಂಜೆ ನಾನು ಓದಿ ಹೇಳುತ್ತೇನೆ, ಅವನು ಕೇಳುತ್ತಾನೆ. ಆರು ಅಧ್ಯಾಯ ಮುಗಿದಿದೆ. ನಡುವೆ ಅವನು ತಡೆದು ಪದವೊಂದರ ಅರ್ಥ ಕೇಳಿದಾಗ, ಆ ಸಾಲಿನ ಪಕ್ಕದಲ್ಲಿ ಒಂದು ಚುಕ್ಕಿ ಇಡುತ್ತೇನೆ.

ತಾಳಮದ್ದಳೆಯ ಅರ್ಥಧಾರಿಗೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಅವಕಾಶವಿಲ್ಲ. ಬರೆಯುವವನಿಗೆ ಆ ಭಾಗ್ಯವಿದೆ. ಶಿಕ್ಷಕ ಬಂಧುಗಳಲ್ಲಿ ನನ್ನದೊಂದೇ ಬಿನ್ನಹ: ಮಕ್ಕಳ ಬರಹವನ್ನು ನೀವೇ ತಿದ್ದಿ ಮುಗಿಸಬೇಡಿ. ಚುಕ್ಕಿ ಇಟ್ಟು ಮರಳಿಸಿ. ಹುಡುಕುವ ಕೆಲಸ ಅವರಿಗಿರಲಿ.