ಬೆಟ್ಟದ ಬುಡದಲ್ಲಿ ಅತಿಥಿಗಳು



ಪ್ರವಾಸ ಕಥನಗಳು ಸಾಮಾನ್ಯವಾಗಿ ಕಂಡದ್ದನ್ನು ಹೇಳುತ್ತವೆ. ಇಂದಿನ ಮಾತು ಒಂದು ಪ್ರವಾಸದಲ್ಲಿ ಎದ್ದ ವಾಗ್ವಾದದ ಕುರಿತಾದದ್ದು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಾಲ್ವರು ಕನ್ನಡಿಗರು ಐದು ದಿನಗಳ ರಜೆಗೆಂದು ಹವಾಯಿಯ ದೊಡ್ಡ ದ್ವೀಪಕ್ಕೆ ಹೋದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಒಬ್ಬ ಭೌತಶಾಸ್ತ್ರದ ಅಧ್ಯಾಪಕ, ಒಬ್ಬಳು ನರ್ಸ್, ಇನ್ನೊಬ್ಬಳು ಸಾಗರ ಸೀಮೆಯಿಂದ ಬಂದ ವಕೀಲೆ. ನಾಲ್ವರೂ ವಿದ್ಯಾರ್ಥಿ ದಿನಗಳಲ್ಲಿ ಚಳವಳಿಗಳ ಒಡನಾಟದಲ್ಲಿ ಬೆಳೆದವರು. ಮೌಢ್ಯವನ್ನು ವಿರೋಧಿಸುವುದನ್ನು ಅಲ್ಲಿಯೇ ಕಲಿತವರು.

ಬಾಡಿಗೆ ಕಾರು ಮೊದಲು ಹಾಮಾಕುವಾ ಕರಾವಳಿಯನ್ನು ಹಿಡಿಯಿತು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಒಂದು ಕಾಲದಲ್ಲಿ ಕಬ್ಬು ಬೆಳೆದ ಇಳಿಜಾರು. ಆ ಕಬ್ಬಿನ ತೋಟಗಳಿಗೆ ಚೀನಾ, ಜಪಾನ್, ಪೋರ್ಚುಗಲ್, ಫಿಲಿಪ್ಪೀನ್ಸ್‌ಗಳಿಂದ ಕೂಲಿಗಳನ್ನು ತರಲಾಗಿತ್ತು. ಭಾಷೆ ಬೇರೆಬೇರೆಯಾದವರು ಒಂದಾಗಲಾರರೆಂಬುದು ಮಾಲೀಕರ ಲೆಕ್ಕ. ಹೀಲೋ ಪಟ್ಟಣದ ಬಂದರಿನಲ್ಲಿ ಆ ಲೆಕ್ಕ ತಪ್ಪಿತು. 1938ರ ಆಗಸ್ಟ್ 1ರಂದು, ಹಲವು ಜನಾಂಗಗಳ ಕಾರ್ಮಿಕರು ಒಟ್ಟಾಗಿ ನಡೆಸಿದ ಶಾಂತ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸುಮಾರು 50 ಮಂದಿ ಗಾಯಗೊಂಡರು. ನಾಲ್ವರು ಗೆಳೆಯರಿಗೆ ಈ ಇತಿಹಾಸ ಕೂಡಲೇ ತಮ್ಮದೆನಿಸಿತು. ವಲಸೆ ಬಂದ ಕಾರ್ಮಿಕನ ಕಥೆ ವಲಸಿಗರಿಗೆ ಸುಲಭವಾಗಿ ಒಗ್ಗುತ್ತದೆ. ಅದರಾಚೆಗಿನ ಕಥೆ ಅಷ್ಟು ಸುಲಭವಲ್ಲ.

ಮರುದಿನ ಅವರು ದಕ್ಷಿಣಕ್ಕೆ ತಿರುಗಿ ಕಾಲಾಪಾನಾ ತಲುಪಿದರು. 1983ರಲ್ಲಿ ಆರಂಭವಾಗಿ 2018ರವರೆಗೆ ಮುಂದುವರಿದ ಕೀಲಾವೇಯಾ ಜ್ವಾಲಾಮುಖಿಯ ಪೂರ್ವ ಬಿರುಕಿನ ಸ್ಫೋಟ 1990ರಲ್ಲಿ ಆ ಊರನ್ನೂ ಅದರ ಕಪ್ಪು ಮರಳಿನ ತೀರವನ್ನೂ ಮುಚ್ಚಿಹಾಕಿತು. ಲಾವಾ ಬರುವ ಮುನ್ನ ಊರಿನವರು ತಮ್ಮ ಮರದ ಚರ್ಚನ್ನು ಇಡಿಯಾಗಿ ಎತ್ತಿ ಟ್ರೇಲರ್ ಮೇಲೆ ಸಾಗಿಸಿದ್ದರು. ಮನೆಗಳನ್ನು ಹಾಗೆ ಉಳಿಸಿಕೊಳ್ಳಲಾಗಲಿಲ್ಲ. ಕಪ್ಪು ಬಂಡೆಯ ಬಯಲಿನಲ್ಲಿ ಈಗ ಜನ ಮತ್ತೆ ತೆಂಗಿನ ಸಸಿಗಳನ್ನು ನೆಟ್ಟಿದ್ದಾರೆ. ವಕೀಲೆ ಅಲ್ಲಿ ಬಹಳ ಹೊತ್ತು ಮೌನವಾಗಿದ್ದಳು. ಅವಳ ಅಜ್ಜಿಯ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ್ದು. ನೀರಿನಡಿಯಲ್ಲಿ ಸಸಿ ನೆಡಲಾಗುವುದಿಲ್ಲ ಎಂದಷ್ಟೇ ಅವಳು ಹೇಳಿದಳು.

ಮೂರನೆಯ ದಿನದ ಚಾರಣ ಕೀಲಾವೇಯಾ ಇಕಿ ಕುಳಿಯೊಳಕ್ಕೆ. ಮರಜರಿಗಿಡಗಳ ತೇವದ ಕಾಡಿನಿಂದ ಸುಮಾರು 120 ಮೀಟರ್ ಕೆಳಗಿಳಿದರೆ, ಹೆಪ್ಪುಗಟ್ಟಿದ ಲಾವಾ ಸರೋವರದ ಮೇಲೆ ನಡೆಯಬಹುದು. 1959ರಲ್ಲಿ ಇಲ್ಲಿ ಚಿಮ್ಮಿದ ಲಾವಾ ಕಾರಂಜಿ ಸುಮಾರು 580 ಮೀಟರ್ ಎತ್ತರಕ್ಕೆ ಏರಿತ್ತು. ಆರು ದಶಕ ಕಳೆದರೂ, ಬಿರುಕುಗಳಿಗೆ ಇಳಿದ ಮಳೆನೀರು ಹಬೆಯಾಗಿ ಮೇಲೆ ಬರುತ್ತದೆ. ಆ ಬಿರುಕುಗಳಲ್ಲಿ ಮೊದಲು ಬೇರೂರುವ ಮರಗಳಲ್ಲಿ ಓಹಿಯಾ ಒಂದು. ಕೆಂಪು ಹೂವಿನ ಗಿಡ್ಡ ಸಸಿಗಳು ಅಲ್ಲಲ್ಲಿ ಕಂಡವು.

ಅಧ್ಯಾಪಕ ಲಾವಾದ ಬಗೆಗಳನ್ನು ವಿವರಿಸುತ್ತಿದ್ದ. ನುಣುಪಾಗಿ ಮಡಿಕೆಮಡಿಕೆಯಾಗಿ ಹರಿದದ್ದು ಪಾಹೋಯೆಹೋಯೆ, ಒರಟಾಗಿ ಚೂರುಚೂರಾದದ್ದು ಅಆ. ಎರಡೂ ಹವಾಯಿ ಭಾಷೆಯ ಪದಗಳು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಪದಗಳು. ಆಗ ನರ್ಸ್ ಕೇಳಿದಳು: "ಪದ ತಗೊಂಡ್ರು ಸರಿ. ಆ ಪದ ಆಡೋ ಮಕ್ಕಳಿಗೆ ಏನು ಮಾಡಿದ್ರು?"

ಉತ್ತರ ದಾಖಲೆಯಲ್ಲಿದೆ. 1893ರಲ್ಲಿ ಅಮೆರಿಕದ ನೌಕಾಪಡೆಯ ಬೆಂಬಲದಿಂದ ಕೆಲವು ವರ್ತಕರು, ತೋಟಗಾರರು ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮವಾಗಿಸಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು. 1993ರಲ್ಲಿ ಅಮೆರಿಕದ ಸಂಸತ್ತೇ ಕ್ಷಮೆ ಕೇಳಿ, ಆ ನೆಲವನ್ನು ಮೂಲನಿವಾಸಿಗಳ ಒಪ್ಪಿಗೆಯಿಲ್ಲದೆ, ಪರಿಹಾರವಿಲ್ಲದೆ ಪಡೆಯಲಾಯಿತೆಂದು ಒಪ್ಪಿಕೊಂಡಿತು. ನೆಲ ಮಾತ್ರ ಹಿಂತಿರುಗಲಿಲ್ಲ. ಭಾಷೆಯನ್ನು ಜನರೇ ಹಿಂದಕ್ಕೆ ತಂದುಕೊಂಡರು: 1980ರ ದಶಕದಲ್ಲಿ, ಕರ್ನಾಟಕದಲ್ಲಿ ಗೋಕಾಕ್ ಚಳವಳಿ ನಡೆದ ಆಸುಪಾಸಿನಲ್ಲಿಯೇ, ಪೋಷಕರು ಮತ್ತು ಶಿಕ್ಷಕರು ಸೇರಿ ಹವಾಯಿ ಮಾಧ್ಯಮದ ಶಿಶುವಿಹಾರಗಳನ್ನು ಕಟ್ಟಿದರು.

ಇಲ್ಲಿಯವರೆಗೆ ನಾಲ್ವರಲ್ಲೂ ಒಮ್ಮತವಿತ್ತು. ವಾಗ್ವಾದ ಎದ್ದದ್ದು ಕೊನೆಯ ದಿನ, ಕಾರು ಮೌನಾ ಕೇಯಾ ಮತ್ತು ಮೌನಾ ಲೋವಾಗಳ ನಡುವಿನ ಹೆದ್ದಾರಿಯಲ್ಲಿ ಸಾಗುವಾಗ. ಮೌನಾ ಕೇಯಾ 4,207 ಮೀಟರ್ ಎತ್ತರದ ಜ್ವಾಲಾಮುಖಿ. ಸಾವಿರಾರು ವರ್ಷಗಳಿಂದ ಸುಪ್ತ. 1968ರಲ್ಲಿ ಅದರ ಶಿಖರ ಪ್ರದೇಶವನ್ನು ವಿಶ್ವವಿದ್ಯಾಲಯಕ್ಕೆ 65 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಅಲ್ಲಿ ದೂರದರ್ಶಕಗಳು ಒಂದರ ನಂತರ ಒಂದು ಬಂದವು. 30 ಮೀಟರ್ ವ್ಯಾಸದ ಕನ್ನಡಿಯ ಹೊಸ ದೂರದರ್ಶಕ ಬರಬೇಕಾದಾಗ ಮೂಲನಿವಾಸಿಗಳು ರಸ್ತೆಗೆ ಅಡ್ಡ ಕುಳಿತರು. 2019ರ ಜುಲೈನಲ್ಲಿ 30ಕ್ಕೂ ಹೆಚ್ಚು ಹಿರಿಯರನ್ನು ಪೊಲೀಸರು ಬಂಧಿಸಿದರು.

ಈ ಯೋಜನೆಯಲ್ಲಿ ಭಾರತ ಸರ್ಕಾರವೂ ಪಾಲುದಾರ. ಭಾರತದ ಪಾಲಿನ ಸಮನ್ವಯ ಕೇಂದ್ರವಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಕನ್ನಡಿಯ 492 ತುಣುಕುಗಳಲ್ಲಿ ಭಾರತದ ಪಾಲಿನವನ್ನು ಉಜ್ಜಿ ಹೊಳಪುಗೊಳಿಸಲು ಹೊಸಕೋಟೆಯ ಬಳಿ ಕಾರ್ಯಾಗಾರವನ್ನು ಕಟ್ಟಲಾಗಿದೆ.

ಎಂಜಿನಿಯರನ ವಾದ ನೇರವಾಗಿತ್ತು. ಊರಿನಲ್ಲಿ 'ಪವಿತ್ರ ಬೆಟ್ಟ' ಎಂಬ ಮಾತು ಯಾರ ಅಸ್ತ್ರವಾಯಿತು? ಬಾಬಾಬುಡನ್‌ಗಿರಿಯಲ್ಲಿ ಎರಡು ಸಮುದಾಯಗಳು ಕೂಡಿ ನಡೆದುಕೊಳ್ಳುತ್ತಿದ್ದ ಗುಹೆಯನ್ನು ವಿವಾದದ ಕಣವಾಗಿಸಿದ್ದು ಅದೇ ಮಾತಲ್ಲವೇ? ಅಲ್ಲಿ ವಿರೋಧಿಸಿದ್ದನ್ನು ಇಲ್ಲಿ ಬೆಂಬಲಿಸುವುದು ಹೇಗೆ? ಅಧ್ಯಾಪಕನೂ ದನಿಗೂಡಿಸಿದ: ನಕ್ಷತ್ರಗಳನ್ನು ನೋಡುವ ಹಕ್ಕು ಇಡೀ ಮನುಕುಲದ್ದು.

ವಕೀಲೆ ಹೇಳಿದ್ದಿಷ್ಟು: "ಮಾರಾಯ, ಲಿಂಗನಮಕ್ಕಿ ಕಟ್ಟುವಾಗಲೂ ಇದನ್ನೇ ಹೇಳಿದ್ದು. ಇಡೀ ರಾಜ್ಯಕ್ಕೆ ಬೆಳಕು ಅಂತ. ಬೆಳಕು ಬೇಡ ಅಂತ ನಮ್ಮಜ್ಜಿ ಹೇಳಲಿಲ್ಲ. ಅವಳನ್ನ ಯಾರೂ ಕೇಳಲೇ ಇಲ್ಲ."

ಕಾರಿನಲ್ಲಿ ಯಾರೂ ಸೋಲನ್ನೊಪ್ಪಲಿಲ್ಲ. ಆದರೆ ಈ ಮಾತು ಪ್ರಶ್ನೆಯ ಜಾಗವನ್ನೇ ಬದಲಿಸಿತು ಎಂಬುದನ್ನು ಗಮನಿಸಬೇಕು. ಬಾಬಾಬುಡನ್‌ಗಿರಿಯಲ್ಲಿ ಪಾವಿತ್ರ್ಯದ ಮಾತು ಬಹುಸಂಖ್ಯಾತರ ಬಲದೊಂದಿಗೆ ಬಂತು. ಇನ್ನೊಬ್ಬರನ್ನು ಹೊರಗಟ್ಟುವುದಕ್ಕಾಗಿ ಬಂತು. ಮೌನಾ ಕೇಯಾದಲ್ಲಿ ಅದು ರಾಜ್ಯ, ನೆಲ, ಶಾಲೆಯ ಭಾಷೆ ಮೂರನ್ನೂ ಕಳೆದುಕೊಂಡವರ ಬಾಯಿಂದ ಬಂತು. ಪದ ಒಂದೇ, ಅದರ ಹಿಂದಿರುವ ಅಧಿಕಾರ ಒಂದೇ ಅಲ್ಲ. ಪೆಸಿಫಿಕ್ ಸಾಗರವನ್ನು ನಕ್ಷತ್ರಗಳ ದಾರಿ ಹಿಡಿದು ದಾಟಿ ಬಂದವರ ವಂಶಸ್ಥರನ್ನು ಖಗೋಳವಿಜ್ಞಾನದ ಶತ್ರುಗಳೆನ್ನುವುದೂ ನ್ಯಾಯವಲ್ಲ. ಮೂಲನಿವಾಸಿಗಳಲ್ಲೂ ಯೋಜನೆಯ ಪರ ಇರುವವರಿದ್ದಾರೆ. ಆದ್ದರಿಂದಲೇ, ತೀರ್ಮಾನ ಅವರದಾಗಬೇಕು. 2018ರಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯ ನಿರ್ಮಾಣದ ಪರವಾನಗಿಯನ್ನು ಎತ್ತಿಹಿಡಿದಿತ್ತು; ಆದರೂ ಮರುವರ್ಷವೇ ಹಿರಿಯರು ರಸ್ತೆಯಲ್ಲಿ ಕುಳಿತರು. ಪರವಾನಗಿಯೇ ಒಪ್ಪಿಗೆಯಲ್ಲ. 2022ರ ಕಾಯ್ದೆಯೊಂದು ಬೆಟ್ಟದ ಆಡಳಿತಕ್ಕೆ ಮೂಲನಿವಾಸಿ ಪ್ರತಿನಿಧಿಗಳೂ ಇರುವ ಪ್ರಾಧಿಕಾರವನ್ನು ರಚಿಸಿದ್ದು ಈ ಹೋರಾಟದ ಫಲ.

ಹಾಗಾದರೆ ವಲಸಿಗ ಕನ್ನಡಿಗರ ಪಾಲೇನು? ಶರಾವತಿ ಸಂತ್ರಸ್ತರಲ್ಲಿ ಹಲವು ಕುಟುಂಬಗಳು ಆರು ದಶಕಗಳ ನಂತರವೂ ಭೂಮಿಯ ಹಕ್ಕಿಗಾಗಿ ಕಾದಿವೆ. ಅವರ ಪರವಾಗಿ ದೂರದೇಶದಿಂದ ಮನವಿಗೆ ಸಹಿ ಹಾಕುವವರು, ತಾವು ಮನೆ ಮಾಡಿರುವ ದೇಶದಲ್ಲಿ ಅದೇ ಪ್ರಶ್ನೆ ಎದುರಾದಾಗ ಕೇವಲ ಪ್ರವಾಸಿಗರಾಗಿ ಉಳಿಯಬಾರದು. ಇಲ್ಲಿಯಂತೂ ಭಾರತದ ತೆರಿಗೆಯ ಹಣವಿದೆ, ಹೊಸಕೋಟೆಯ ಕೆಲಸಗಾರರ ಶ್ರಮವಿದೆ. ಹವಾಯಿಯ ಜನರ ಒಪ್ಪಿಗೆ ದೊರೆತಿದೆಯೇ ಎಂದು ಕನ್ನಡದಲ್ಲಿ, ಬೆಂಗಳೂರಿನಲ್ಲಿ, ಕೇಳುವವರು ಬೇಕು.

ಆ ಹೆದ್ದಾರಿಯ ಪಕ್ಕದ ಪುಟ್ಟ ಗುಡ್ಡದ ಬಳಿ, 2019ರ ಶಿಬಿರ ನಡೆದ ಜಾಗದಲ್ಲಿ, ಕಾರು ನಿಂತಿತು. ಮೇಲಕ್ಕೆ ಹೋಗುವ ರಸ್ತೆ ತೆರೆದೇ ಇತ್ತು, ಸಮಯವೂ ಇತ್ತು. ಅಧ್ಯಾಪಕ ಬಹಳ ವರ್ಷಗಳಿಂದ ಆ ಶಿಖರವನ್ನು ನೋಡಬೇಕೆಂದು ಬಯಸಿದ್ದವನು. ಅವನು ಕೆಳಗಿಳಿದು ಸ್ವಲ್ಪ ಹೊತ್ತು ಮೇಲೆ ನೋಡಿದ. ನಂತರ ಬಂದು ಬಾಗಿಲು ಹಾಕಿಕೊಂಡು, ವಿಮಾನ ನಿಲ್ದಾಣದ ಕಡೆಗೇ ಹೋಗೋಣ ಎಂದ.