ರಸೀದಿ ಕೊಡುವ ಮೊದಲು

ನನ್ನ ಕೆಲಸ ಏನೆಂದು ಹಲವರು ಕೇಳುತ್ತೀರಿ. ಒಂದು ಸರ್ವರ್ ಕೆಟ್ಟರೆ ಇನ್ನೊಂದು ಅಲ್ಲಿಂದಲೇ ಮುಂದುವರಿಸುವಂತೆ ಸಿದ್ಧವಾಗಿಡುವುದು.

ನಮ್ಮ ಚೀಟಿ ಲೆಕ್ಕವನ್ನೇ ತಗೊಳ್ಳಿ. ನಾನು ಪುಸ್ತಕದಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಒಬ್ಬರು ನಕಲು ಮಾಡುತ್ತಾರೆ. ನಿಮ್ಮಿಂದ ಐದು ಸಾವಿರ ಪಡೆದು ರಸೀದಿ ಕೊಟ್ಟೆ. ನಕಲಾಗುವ ಮೊದಲೇ ನನ್ನ ಪುಸ್ತಕ ಕಳೆದುಹೋಯಿತು. ರಸೀದಿ ನಿಮ್ಮ ಕೈಯಲ್ಲಿದೆ, ಉಳಿದ ಪುಸ್ತಕದಲ್ಲಿ ಆ ಹಣವೇ ಇಲ್ಲ! ಜಗಳ ಶುರು. ಹಾಗಾಗಿ ನಕಲಾಯಿತು ಎಂದ ಮೇಲೆಯೇ ರಸೀದಿ ಕೊಡಬೇಕು.

2008ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ‘ರೆಮಸ್’ ವರ್ಚುವಲ್ ಮಷೀನ್‌ಗಳಿಗೆ ಇದನ್ನೇ ಮಾಡಿತು. 25 ಮಿಲಿಸೆಕೆಂಡಿಗೊಮ್ಮೆ ಬೇಕಾದರೂ ಮಷೀನನ್ನು ಕ್ಷಣಕಾಲ ನಿಲ್ಲಿಸಿ, ಮೆಮೊರಿಯಲ್ಲಿ ಬದಲಾದ ಪುಟಗಳನ್ನಷ್ಟೇ ಬ್ಯಾಕಪ್‌ಗೆ ಕಳಿಸುತ್ತದೆ. ಅಲ್ಲಿಂದ ‘ಸಿಕ್ಕಿತು’ ಎಂದು ಬರುವವರೆಗೆ ಗ್ರಾಹಕರಿಗೆ ಹೋಗಬೇಕಾದ ಉತ್ತರಗಳನ್ನು ತಡೆದಿಡುತ್ತದೆ. ಮಷೀನು ಮಾತ್ರ ಕಾಯದೆ ಮುಂದಿನ ಕೆಲಸ ಮಾಡುತ್ತಿರುತ್ತದೆ. ನನಗೆ ತುಂಬಾ ಇಷ್ಟವಾದ ಜಾಣತನ ಇದು.

ಬ್ಯಾಕಪ್ ದೂರವಿದ್ದರೆ? ಆಧಾರ್‌ನ ಡೇಟಾ ಸೆಂಟರ್‌ಗಳು ನಮ್ಮ ಮಾನೇಸರದಲ್ಲೊಂದು, ಬೆಂಗಳೂರಿನಲ್ಲೊಂದು ಇವೆ. ಅಷ್ಟು ದೂರವೆಂದರೆ ನೇರ ಗೆರೆಯಲ್ಲೇ ಸುಮಾರು 1,700 ಕಿ.ಮೀ. ಫೈಬರ್‌ನಲ್ಲಿ ಬೆಳಕು ಹೋಗಿ ಬರಲು ಕನಿಷ್ಠ 17 ಮಿಲಿಸೆಕೆಂಡು. ಪ್ರತಿ ಉತ್ತರವೂ ಅಷ್ಟು ಕಾಯಬೇಕು. ಅದಕ್ಕೇ ಇಂಥ ನಕಲನ್ನು ಹತ್ತಿರದಲ್ಲಿಟ್ಟು, ದೂರದ್ದು ಸ್ವಲ್ಪ ಹಿಂದುಳಿದರೂ ಒಪ್ಪಿಕೊಳ್ಳುತ್ತೇವೆ.

ಎಷ್ಟು ಸೆಕೆಂಡಿನ ವ್ಯವಹಾರ ಕಳೆದರೆ ಪರವಾಗಿಲ್ಲ ಎಂಬುದನ್ನು ಮಾತ್ರ ನಾನು ಮೇಲಿನವರಿಂದ ಬರೆಸಿಕೊಳ್ಳುತ್ತೇನೆ. ಹಣ ಜನರದ್ದಲ್ಲವೇ? ಈ ಪ್ರಶ್ನೆ ಕೇಳಿದಾಗ ಮೀಟಿಂಗ್‌ನಲ್ಲಿ ಯಾರೂ ಮಾತಾಡುವುದಿಲ್ಲ.