ಪುಟ್ಟ ರೈಲಿನ ಪಕ್ಕದ ದನಗಳು



ನಿಜವಾದ ರೈಲುದಾರಿಯೊಂದನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ, ಮೇಜಿನ ಮೇಲೆ ನಿಲ್ದಾಣ, ಸೇತುವೆ, ಗದ್ದೆ, ಗುಡ್ಡಗಳ ಸಮೇತ ನಿರ್ಮಿಸುವ ವಿನೋದವೊಂದುಂಟು. ಇದರಲ್ಲಿ ಎಂಜಿನ್ನಿಗೆ ಸಲ್ಲುವ ಗೌರವ ದನಕ್ಕೆ ಸಲ್ಲುವುದಿಲ್ಲ. ಚಕ್ರದ ಕಡ್ಡಿಗಳನ್ನು ಎಣಿಸಿ ನೋಡುವ ಮಹನೀಯರೇ, ಹಳಿಯ ಪಕ್ಕದಲ್ಲಿ ಮೇಯುವ ಹಸುವನ್ನು ಅಂಗಡಿಯಿಂದ ತಂದಂತೆಯೇ ಅಂಟಿಸಿಬಿಡುತ್ತಾರೆ.

ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ದಾರಿಯನ್ನು ಮೀಟರ್ ಗೇಜಿನ ಕಾಲದ ರೂಪದಲ್ಲಿ ಒಬ್ಬರು ಮಾಡಹೊರಟರೆಂದು ಇಟ್ಟುಕೊಳ್ಳೋಣ. ಈಗ ಅದು ಬ್ರಾಡ್ ಗೇಜು. ಎಚ್‌ಓ ಎಂಬ ಪ್ರಸಿದ್ಧ ಪ್ರಮಾಣದಲ್ಲಿ ಎಲ್ಲವೂ ನಿಜದ 87ನೆಯ ಒಂದು ಪಾಲು. ಮೀಟರ್ ಗೇಜಿಗೆ 12 ಮಿಲಿಮೀಟರಿನ ಹಳಿ ಸರಿಹೋಗುತ್ತದೆ. ನಿಲ್ದಾಣಕ್ಕೆ ಅರಸಾಳು ಇದೆ: ಶಂಕರನಾಗರು ‘ಮಾಲ್ಗುಡಿ ಡೇಸ್’ ಮಾಲೆಗೆ ಬಳಸಿಕೊಂಡ ಆ ಹಳೆಯ ಕಟ್ಟಡ 2020ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ಇಷ್ಟರವರೆಗೆ ತೊಡಕಿಲ್ಲ. ತೊಡಕು ದನದಲ್ಲಿ.

ಜರ್ಮನಿಯ ಪ್ರೈಸರ್ ಮೊದಲಾದವರು ಮಾಡುವ ಹಸುಗಳು ಅಂದವಾದುವೇ. ಆದರೆ ಅವು ಯೂರೋಪಿನ ಹಸುಗಳು. ಹಾಲ್‌ಸ್ಟೀನ್ ಹಸುವಿನ ಎತ್ತರ ಸುಮಾರು 145 ಸೆಂಟಿಮೀಟರು. ಎಚ್‌ಓದಲ್ಲಿ ಅದು 16 ಮಿಲಿಮೀಟರಿಗೂ ಮೀರುತ್ತದೆ. ನಮ್ಮ ಮಲೆನಾಡು ಗಿಡ್ಡವೋ ಸುಮಾರು ಎರಡು ಮೊಳ, ಎಂದರೆ 90 ಸೆಂಟಿಮೀಟರು; ಅದಕ್ಕೆ 10 ಮಿಲಿಮೀಟರು ಸಾಕು. ಅಂಗಡಿಯ ಹಸು ಅರಸಾಳಿನ ಪಕ್ಕದಲ್ಲಿ ನಿಂತರೆ ಆನೆಮರಿಯಂತೆ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದುಂಟು. ಮಿಶ್ರತಳಿಗಳು ಬಂದಮೇಲೆ ಕೊಟ್ಟಿಗೆಗಳಲ್ಲಿ ಗಿಡ್ಡಗಳು ಕಡಮೆಯಾಗುತ್ತ ಬಂದಿವೆ. ಹಿಂದಿನ ಕಾಲದ ಪ್ರತಿಕೃತಿಯಲ್ಲಿಯೂ ಪರದೇಶದ ಹಸುವನ್ನೇ ನಿಲ್ಲಿಸಿದರೆ, ಕೊಟ್ಟಿಗೆಯಿಂದ ಹೊರಟ ಪ್ರಾಣಿಯನ್ನು ನೆನಪಿನಿಂದಲೂ ಹೊರದೂಡಿದಂತಾಯಿತು.

ಉಪಾಯ ಸುಲಭವಾಗಿದೆ. ಎಚ್‌ಓ ಹಸುವನ್ನು ಬಿಟ್ಟು, 160ನೆಯ ಒಂದು ಪಾಲಿನ, ಎನ್ ಎಂಬ ಪ್ರಮಾಣದ ಹಸುವನ್ನು ಕೊಳ್ಳಬೇಕು. ಅದರ ಎತ್ತರ ಸುಮಾರು 9 ಮಿಲಿಮೀಟರು. ಮಿಕ್ಕ ಒಂದು ಮಿಲಿಮೀಟರನ್ನು ಎರಡು ಭಾಗ ಬೆರೆಸುವ ಎಪಾಕ್ಸಿ ಲೇಪದಿಂದ ತುಂಬಬಹುದು. ಒಂದಿಷ್ಟು ಕಾಲಡಿಯ ಮಣ್ಣಾಗಿ, ಒಂದಿಷ್ಟು ಹೆಗಲಮೇಲಿನ ಹಿಣಿಲಾಗಿ. ಹಿಣಿಲಿಲ್ಲದೆ ಅದು ನಮ್ಮ ದನವಾಗಲಾರದು. ಕೊರಳಿನ ಕೆಳಗೆ ಗಂಗೆದೊಗಲನ್ನು ಸೂಜಿಯ ಮೊನೆಯಿಂದ ಎಳೆಯಬೇಕು. ದೊಡ್ಡ ಕೆಚ್ಚಲನ್ನು ನಿರ್ದಾಕ್ಷಿಣ್ಯವಾಗಿ ಕೆರೆದುಹಾಕಬೇಕು. ಗಿಡ್ಡದ ಕೆಚ್ಚಲು ಹಿಡಿಯಷ್ಟೇ. ಕೊಂಬಿಗೆ ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದೆಳೆ ಸಾಕು. ಬಣ್ಣ ಕಪ್ಪು, ಕಂದು, ಮಾಸಿದ ಕೆಂಪು. ಹೊಳಪು ಬೇಡ. ಬಿಳಿಕರಿ ಮಚ್ಚೆಗಳಂತೂ ಕೂಡದು.

ಎಮ್ಮೆಯನ್ನು ಮಾಡುವವರು ಹಿಣಿಲನ್ನು ಬಿಟ್ಟು, ಎಚ್‌ಓ ಹಸುವಿನ ಕಾಲನ್ನು ತುಸು ಕತ್ತರಿಸಿ, ಕೊಂಬನ್ನು ಹಿಂದಕ್ಕೆ ಬಾಗಿಸಿದರಾಯಿತು.

ಆದರೆ ನೋಡದೆ ಮಾಡಿದ ದನ ನಿಲ್ಲುವ ಬಗೆ ತಿಳಿಯದೆ ಸೋಲುತ್ತದೆ. ಸೊರಬ ಸೀಮೆಯ ಗುಡವಿಗೆ ಹೋಗಿ ನೋಡಬೇಕು. ಅಲ್ಲಿಗೆ ರೈಲಿಲ್ಲ, ಪ್ರವಾಸಿಗಳು ಹೋಗುವುದೂ ದನಗಳಿಗಾಗಿ ಅಲ್ಲ, ಪಕ್ಷಿಧಾಮಕ್ಕಾಗಿ. ಕೆರೆಯ ಮರಗಳಲ್ಲಿ ಕೆಂಬರಲು, ನೀರುಕಾಗೆಗಳನ್ನು ನೋಡಿಯಾದ ಬಳಿಕ, ಸುತ್ತಲಿನ ಬಯಲಿನ ಕಡೆಗೂ ದುರ್ಬೀನನ್ನು ತಿರುಗಿಸಬಹುದು. ಗಿಡ್ಡ ತಲೆತಗ್ಗಿಸಿ ಮೇಯುವಾಗ ಬೆನ್ನು ಹೇಗೆ ಇಳಿಜಾರಾಗುತ್ತದೆ, ಮಳೆಗೆ ಯಾವ ಕಡೆ ಮುಖ ಮಾಡುತ್ತದೆ ಎಂಬುದು ಯಾವ ಪುಸ್ತಕದಿಂದಲೂ ಕೈಗೆ ಬರುವುದಿಲ್ಲ.

ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಬೆರಳುದ್ದದ ಮೂರ್ತಿಯ ಕಿರೀಟದ ಕೆತ್ತನೆಯನ್ನೂ ತೋರಿಸಬಲ್ಲವರು. ಇಂಥ ಕೈಗಳು ನೆರೆಯಲ್ಲಿರುವಾಗ ಪ್ಲಾಸ್ಟಿಕ್ಕಿನ ಹಸುವನ್ನು ಸಮುದ್ರದಾಚೆಯಿಂದ ತರಿಸಿ ತಿದ್ದುವುದೇ ನನಗೆ ಸೋಜಿಗವಾಗಿ ತೋರುತ್ತದೆ. ಒಂದು ಮಾದರಿಯನ್ನು ಮರದಲ್ಲಿ ಕೆತ್ತಿಸಿ, ಅದರಿಂದ ಅಚ್ಚು ತೆಗೆದರೆ ಇಡೀ ಮಂದೆಯೇ ಸಿದ್ಧವಾಗುತ್ತದೆ.

ಮಂದೆಯ ನಡುವೆ ಗೋವಕ್ಕಿಯೊಂದನ್ನು ಮರೆಯಬಾರದು. ಅದರ ಎತ್ತರ 6 ಮಿಲಿಮೀಟರಿಗೆ ಮೀರದಿರಲಿ. ಕಾಲಿಗೆ ಕುಂಚದ ಒಂದು ಕೂದಲು, ಮೈಗೆ ಬಿಳಿಯ ಬಣ್ಣ. ಅದನ್ನು ದನದ ಹಿಂದೆ ನಿಲ್ಲಿಸದೆ, ಮುಂಗಾಲಿನ ಬಳಿ, ಹುಲ್ಲಿನಿಂದ ಹುಳ ಏಳುವ ಕಡೆಯಲ್ಲಿ ನಿಲ್ಲಿಸಬೇಕು.